ರಾಜಗಡದಿಂದ ತೋರಣಾಕ್ಕೆ, ಸಾಲಿನ ಕೊನೆಯಲ್ಲಿ

ಡಿಸೆಂಬರ್ 14, 2025, ಭಾನುವಾರ
ವೆಲ್ಹೆ, ಪುಣೆ ಜಿಲ್ಲೆ. ರಾತ್ರಿ 9.30

ಕಾಲಿನ ಹೆಬ್ಬೆರಳುಗಳೆರಡೂ ಇನ್ನೂ ಮಿಡಿಯುತ್ತಿವೆ. ಅಂಗೈಯಲ್ಲಿ ಕಬ್ಬಿಣದ ಏಣಿಯ ತುಕ್ಕಿನ ವಾಸನೆ ಎರಡು ಸಲ ತೊಳೆದರೂ ಹೋಗಿಲ್ಲ. ನಾಳೆ ಬೆಳಿಗ್ಗೆ ಬೆಳಗಾವಿಯ ದಾರಿ ಹಿಡಿಯಬೇಕು. ಊರು ಸೇರಿದ ಮೇಲೆ ನೆನಪುಗಳೆಲ್ಲ ಒಂದರೊಳಗೊಂದು ಕಲೆತುಹೋಗುತ್ತವೆ. ಆದ್ದರಿಂದ ಇಂದಿನದನ್ನು ಇಂದೇ ಬರೆದಿಡುತ್ತಿದ್ದೇನೆ.

ರಾಜಗಡ ಕೋಟೆಯಿಂದ ತೋರಣಾ ಕೋಟೆಯವರೆಗೆ ಇಂದು ನಡೆಯಲು ಹೊರಟ ನಾವು ಒಟ್ಟು ಹನ್ನೆರಡು ಜನ. ಗುಂಪಿನ ಮುಂದೆ ದಾರಿ ಬಲ್ಲ ನಾಯಕ, ಕೊನೆಯಲ್ಲಿ ನಾನು. ಚಾರಣಿಗರು ಸ್ವೀಪ್ ಎಂದು ಕರೆಯುವ ಈ ಕೆಲಸಕ್ಕೆ ನಿಯಮ ಒಂದೇ: ನನ್ನ ಹಿಂದೆ ನಮ್ಮವರು ಯಾರೂ ಉಳಿಯಕೂಡದು. ರಾಜಗಡವನ್ನು ಬಿಟ್ಟ ಮೇಲೆ ತೋರಣಾದ ಟಾಕಿಗಳವರೆಗೆ, ಅಂದರೆ ನೀರಿನ ತೊಟ್ಟಿಗಳವರೆಗೆ, ದಾರಿಯಲ್ಲಿ ನಂಬಿಕೊಳ್ಳಬಹುದಾದ ನೀರಿಲ್ಲವೆಂದು ನಾಯಕ ವಾರದ ಹಿಂದೆಯೇ ಎಚ್ಚರಿಸಿದ್ದರು. ಹೀಗಾಗಿ ಒಬ್ಬೊಬ್ಬರ ಚೀಲದಲ್ಲೂ ನಾಲ್ಕು ಲೀಟರ್ ನೀರಿತ್ತು.

ಗುಂಜವಣೆ ಗ್ರಾಮದಿಂದ ನಸುಕಿನ ನಾಲ್ಕಕ್ಕೆ ಹೊರಟೆವು. ಕೃಷ್ಣಪಕ್ಷದ ಸವೆದ ಚಂದ್ರನ ಬೆಳಕು ಸಾಲದೆ, ಟಾರ್ಚಿನ ಬೆಳಕಿನ ವೃತ್ತದೊಳಗೆ ಮುಂದಿನವರ ಹಿಮ್ಮಡಿಯನ್ನಷ್ಟೇ ನೋಡುತ್ತ ಏರಿದೆವು. ಕೊನೆಯ ಕಡಿದಾದ ಬಂಡೆಗೆ ಕಂಬಿ ಹಾಕಿದ್ದಾರೆ. ಅದನ್ನು ಹಿಡಿದು ಮೇಲೇರಿ, ಚೋರ ದರ್ವಾಜಾದಲ್ಲಿ ಬೆನ್ನು ಬಾಗಿಸಿ ನುಸುಳಿದರೆ ಪದ್ಮಾವತಿ ಮಾಚಿ. ಮಾಚಿ ಎಂದರೆ ಕೋಟೆಯ ನೆತ್ತಿಗಿಂತ ಕೆಳಗೆ ಚಾಚಿಕೊಂಡ ಗುಡ್ಡದ ತೋಳು. ರಾಜಗಡಕ್ಕೆ ಇಂಥ ಮೂರು ತೋಳುಗಳಿವೆ: ಪದ್ಮಾವತಿ, ಸುವೇಳಾ ಮತ್ತು ಸಂಜೀವನಿ. ನಡುವೆ ತಲೆಯೆತ್ತಿ ನಿಂತದ್ದು ಬಾಲೆಕಿಲ್ಲೆ, ಕೋಟೆಯ ನೆತ್ತಿಯ ಒಳಕೋಟೆ. ಅದನ್ನು ಹತ್ತಲು ಸಮಯವಿರಲಿಲ್ಲ. ಸೂರ್ಯ ಮೂಡುವ ಹೊತ್ತಿಗೆ ಶಿವಾಜಿಯ ಪತ್ನಿ ಸಾಯಿಬಾಯಿಯ ಸಮಾಧಿಯ ಮುಂದೆ ನಿಂತಿದ್ದೆ. ಆಕೆ 1659ರಲ್ಲಿ ಇದೇ ಕೋಟೆಯಲ್ಲಿ ತೀರಿಕೊಂಡಳು. ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇರುವುದು ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಆತ ಅಲ್ಲಿಯೇ ಅಸುನೀಗಿದ. ಒಂದೇ ಮನೆಯ ಸೊಸೆ ಇಲ್ಲಿ, ಮಾವ ಅಷ್ಟು ದೂರ ಅಲ್ಲಿ. ಆ ನಸುಬೆಳಕಿನಲ್ಲಿ ಅದನ್ನು ನೆನೆದು ಮನಸ್ಸು ಭಾರವಾಯಿತು.

ಅವಲಕ್ಕಿ ತಿಂದು, ಚಹಾ ಕುಡಿದು ಎಂಟು ಗಂಟೆಗೆ ಸಂಜೀವನಿ ಮಾಚಿಯ ಮೇಲೆ ನಡೆಯತೊಡಗಿದೆವು. ಪಶ್ಚಿಮಕ್ಕೆ ಹಂತಹಂತವಾಗಿ ಇಳಿಯುವ ಈ ಮಾಚಿಯ ಗೋಡೆ ಒಂಟಿಯಲ್ಲ, ಜೋಡಿ. ಹೊರಗಿನ ಗೋಡೆಗೂ ಒಳಗಿನ ಗೋಡೆಗೂ ನಡುವೆ ಒಬ್ಬ ಮನುಷ್ಯ ಮಾತ್ರ ಇಳಿಯಬಹುದಾದಷ್ಟು ಕಿರಿದಾದ ಮೆಟ್ಟಿಲ ದಾರಿ ಉಂಟು. ಅದರೊಳಗೆ ಇಳಿದು ನಿಂತರೆ ಎರಡೂ ಭುಜಗಳಿಗೆ ತಣ್ಣನೆಯ ಕರಿಗಲ್ಲು ತಾಗುತ್ತದೆ, ಮೇಲೆ ಆಕಾಶ ಒಂದು ಪಟ್ಟಿಯಾಗಿ ಕಾಣುತ್ತದೆ. ಹೊರಗೋಡೆಯನ್ನು ಒಡೆದು ಬಂದ ಶತ್ರು ಈ ಓಣಿಯಲ್ಲೇ ಸಿಕ್ಕಿಕೊಳ್ಳಬೇಕು. ಹೊರಗೆ ಬಂದು ಗೋಡೆಯ ಮೇಲಿಂದ ನೋಡಿದಾಗ ಎದುರಿಗೆ ತೋರಣಾ ಕಂಡಿತು. ಹೆಸರು ಕೇಳಿದರೆ ಬಾಗಿಲಿಗೆ ಕಟ್ಟಿದ ಮಾವಿನ ಎಲೆ ನೆನಪಾಗುತ್ತದೆ. ಕಣ್ಣಿಗೆ ಬಿದ್ದಾಗ ಮಾತ್ರ ಅದರ ಇನ್ನೊಂದು ಹೆಸರಾದ ಪ್ರಚಂಡಗಡ ಎಂಬುದೇ ಸರಿಯೆನಿಸಿತು. ಸಮುದ್ರಮಟ್ಟದಿಂದ 1,403 ಮೀಟರ್ ಎತ್ತರದ ಆ ಕೋಟೆಗೂ ನಮಗೂ ನಡುವೆ ಏಳುತ್ತ ಬೀಳುತ್ತ ಸಾಗುವ ಒಂದೇ ಒಂದು ಏಣು, ಅಂದರೆ ಬೆಟ್ಟಸಾಲಿನ ಕಿರಿದಾದ ಬೆನ್ನು.

ಮಾಚಿಯ ಅಳು ದರ್ವಾಜಾದಿಂದ ಆ ಏಣಿನ ದಾರಿಗೆ ಇಳಿಯುವಲ್ಲಿ ಇಂದಿನ ಮೊದಲ ತೊಡಕು ಎದುರಾಯಿತು. ಮಳೆಗಾಲದ ಮಣ್ಣೆಲ್ಲ ಕೊಚ್ಚಿಹೋಗಿ ಉಳಿದ ಸಣ್ಣ ಗರಸಿನ ಮೇಲೆ ಕಾಲಿಟ್ಟರೆ ಮೊಳದಷ್ಟು ಜಾರುತ್ತದೆ. ನನ್ನ ಮುಂದೆ ಇಳಿಯುತ್ತಿದ್ದವರು ನಾವೆಲ್ಲ ಕಾಕಾ ಎಂದು ಕರೆಯುವ, ನಿವೃತ್ತರಾದ ಹಿರಿಯರು. ಉಸಿರಿನಲ್ಲಿ, ಹೆಜ್ಜೆಯಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಒಮ್ಮೆಲೆ ನಿಂತು ಬಲಗಾಲು ಎತ್ತಿದರು. ಬೂಟಿನ ಅಟ್ಟೆ ಹಿಮ್ಮಡಿಯಿಂದ ಬಿಟ್ಟು, ಬಾಯಿ ತೆರೆದುಕೊಂಡು ತೂಗುತ್ತಿತ್ತು. ಐದು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದ ಬೂಟು ಅದು. ಅಟ್ಟೆಯ ಒಳಗಿನ ಮೆತ್ತನೆಯ ಪಾಲಿಯುರಿಥೇನ್ ಪದರವು, ಬೂಟನ್ನು ಬಳಸದಿದ್ದರೂ, ಗಾಳಿಯ ತೇವಾಂಶದಿಂದ ವರ್ಷಗಳಲ್ಲಿ ಶಿಥಿಲವಾಗುತ್ತದೆ. ಬೆರಳಿನಿಂದ ಒತ್ತಿದಾಗ ಒಣಗಿದ ಬೆಣ್ಣೆ ಬಿಸ್ಕತ್ತಿನಂತೆ ಪುಡಿಯಾಗಿ ಉದುರಿತು. ಹಳೆಯ ಬೂಟು ತೊಡುವವರು ಹೊರಡುವ ವಾರದ ಮುಂಚೆ ಅದನ್ನು ಹಾಕಿಕೊಂಡು ಊರಲ್ಲೇ ಒಂದೆರಡು ಗಂಟೆ ನಡೆಯಲೇಬೇಕು. ನಾನು ಎಲ್ಲರ ನೀರು, ಟಾರ್ಚು ಪರೀಕ್ಷಿಸಿದ್ದೆ, ಬೂಟುಗಳನ್ನು ನೋಡಿರಲಿಲ್ಲ. ಆ ತಪ್ಪು ನನ್ನದೇ.

ನೈಲಾನ್ ಹಗ್ಗವನ್ನು ಅಟ್ಟೆಯ ಕೆಳಗಿನಿಂದ ಎರಡು ಸುತ್ತು ತಂದು, ಪಾದದ ಮೇಲೆ ಅಡ್ಡಡ್ಡ ಹಾಯಿಸಿ, ಕಣಕಾಲಿಗೆ ಗಂಟು ಹಾಕಿದೆ. ಐವತ್ತು ಹೆಜ್ಜೆಗೊಮ್ಮೆ ಅದು ಸಡಿಲವಾಗುತ್ತಿತ್ತು, ಮತ್ತೆ ಕುಳಿತು ಬಿಗಿಯುತ್ತಿದ್ದೆವು.

"ಸಾವಕಾಶ ಬರ್ರಿ ಕಾಕಾ, ಅವಸರ ಏನಿಲ್ಲ," ಎಂದೆ.

"ನನ್ನ ಸಲುವಾಗಿ ಎಲ್ಲಾರಿಗೂ ತಡ ಆಗಾಕ್ಹತ್ತೇತಲ್ಲೋ ತಮ್ಮಾ," ಎಂದು ಅವರು ಮುಖ ತಗ್ಗಿಸಿದರು.

ಹಾಗೆ ನಿಧಾನವಾಗಿ ನಡೆದದ್ದರಿಂದಲೇ ನನಗೆ ಏಣಿನ ದಾರಿ ಚೆನ್ನಾಗಿ ಕಂಡಿತು. ಎಡಕ್ಕೆ ಆಳದಲ್ಲಿ ಭಾಟಘರ್ ಜಲಾಶಯದ ಹಿನ್ನೀರು, ಬಲಕ್ಕೆ ವೆಲ್ಹೆಯ ಬಯಲು. ಹಿಂದೆ ತಿರುಗಿದರೆ ರಾಜಗಡ, ಮುಂದೆ ತೋರಣಾ. ಬಹುತೇಕ ದಾರಿಯಲ್ಲಿ ಎರಡರಲ್ಲೊಂದು ಕಣ್ಣಿನಿಂದ ಮರೆಯಾಗುವುದಿಲ್ಲ. ವಿಜಯಪುರದ ಆದಿಲಶಾಹಿಗೆ ಸೇರಿದ್ದ ತೋರಣಾವನ್ನು ಶಿವಾಜಿ 1646ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ ವಶಪಡಿಸಿಕೊಂಡ. ಅಲ್ಲಿ ಸಿಕ್ಕ ನಿಧಿಯಿಂದಲೇ ಎದುರಿನ ಮುರುಂಬದೇವ ಗುಡ್ಡದ ಮೇಲೆ ರಾಜಗಡ ಎದ್ದಿತೆಂದು ಪರಂಪರೆ ಹೇಳುತ್ತದೆ. ರಾಯಗಡಕ್ಕೆ ಹೋಗುವ ಮುನ್ನ ಕಾಲು ಶತಮಾನದಷ್ಟು ಕಾಲ ಅದೇ ರಾಜಧಾನಿ. 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ 23 ಕೋಟೆಗಳನ್ನು ಬಿಟ್ಟುಕೊಟ್ಟಾಗಲೂ ಉಳಿಸಿಕೊಂಡ ಹನ್ನೆರಡರಲ್ಲಿ ಈ ಎರಡೂ ಇದ್ದವು. 1704ರಲ್ಲಿ ಔರಂಗಜೇಬನ ಸೈನ್ಯ ರಾಜಗಡವನ್ನು ಗೆದ್ದ ಬೆನ್ನಲ್ಲೇ ತೋರಣಾದ ಮೇಲೂ ಏರಿಹೋಯಿತು. ಒಂದನ್ನು ಹಿಡಿದವನಿಗೆ ಇನ್ನೊಂದನ್ನು ಬಿಟ್ಟರೆ ನಿದ್ದೆ ಬಾರದು ಎಂಬುದು ಆ ಏಣಿನ ಮೇಲೆ ನಿಂತವರಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ. ಜನ ಈ ಕೋಟೆಗಳನ್ನು ಒಂದೊಂದು ಭಾನುವಾರಕ್ಕೆ ಒಂದೊಂದರಂತೆ ಬೇರೆಬೇರೆಯಾಗಿ ಹತ್ತಿ ಇಳಿಯುತ್ತಾರೆ. ನಡುವಿನ ಈ ದಾರಿಯನ್ನು ನಡೆಯದೆ ಎರಡನ್ನೂ ಪೂರ್ತಿ ಕಂಡಂತಾಗದು ಎಂಬುದು ನನ್ನ ದೃಢವಾದ ಅನಿಸಿಕೆ.

ಹನ್ನೆರಡು ಗಂಟೆಯ ಹೊತ್ತಿಗೆ, ಏಣನ್ನು ಅಡ್ಡಹಾಯ್ದು ಭುತೋಂಡೆಯ ಕಡೆ ಹೋಗುವ ಡಾಂಬರು ರಸ್ತೆಗೆ ಬಂದೆವು. ಗುಂಪಿನಿಂದ ಹೊರಬೀಳುವವರಿಗೆ ಇದೊಂದೇ ಅನುಕೂಲದ ಜಾಗ. ಮುಂದಿನ ಏರಿನಲ್ಲಿ ಮಧ್ಯದಿಂದ ಇಳಿಯಲು ದಾರಿಯಿಲ್ಲ. ಅಷ್ಟರಲ್ಲಿ ಎಡಗಾಲಿನ ಅಟ್ಟೆಯೂ ಬಿಟ್ಟಿತ್ತು. ನಾಯಕ ಏನೂ ಹೇಳದೆ ಕಾಕಾರ ಬೂಟನ್ನೇ ನೋಡುತ್ತ ಕುಳಿತರು. ಮಾತನ್ನು ಕಾಕಾ ಅವರೇ ಎತ್ತಿದರು. "ಏಣಿ ಮ್ಯಾಲೆ ಈ ಹಗ್ಗ ಜಾರಿದ್ರ ನನ್ನ ಕೆಳಗಿದ್ದವರಿಗೂ ಕುತ್ತು. ನೀವು ಹೋಗಿ ಬರ್ರಿ, ನಾ ವೆಲ್ಹೆದಾಗ ಕುಂತಿರ್ತೀನಿ." ಅವರ ಜೊತೆಗೆ ಒಬ್ಬ ಹುಡುಗ ತಾನಾಗಿ ಮುಂದೆ ಬಂದು ನಿಂತ. ಅರ್ಧ ಗಂಟೆಯಲ್ಲಿ ಒಂದು ಜೀಪು ಸಿಕ್ಕಿತು. ಹೋಗುವಾಗ ತಮ್ಮ ಪಾಲಿನ ಎರಡು ಲೀಟರ್ ನೀರನ್ನು ನನ್ನ ಚೀಲಕ್ಕೆ ತುರುಕಿದರು.

ಆ ಎರಡು ಲೀಟರ್ ಇಲ್ಲದಿದ್ದರೆ ಮಧ್ಯಾಹ್ನ ಏನಾಗುತ್ತಿತ್ತೋ ಗೊತ್ತಿಲ್ಲ. ರಸ್ತೆಯಿಂದ ಮುಂದೆ ಸಣ್ಣ ಗುಡ್ಡಗಳು ಒಂದಾದ ಮೇಲೊಂದು. ಪ್ರತಿಯೊಂದನ್ನೂ ಇದೇ ಕೊನೆಯದೆಂದು ಹತ್ತಿದರೆ ಆಚೆ ಮತ್ತೊಂದು. ನೆರಳಿಲ್ಲದ ಒಣಹುಲ್ಲಿನ ಮೇಲೆ ಬಿಸಿಲು ಮುಖಕ್ಕೇ ರಾಚುತ್ತಿತ್ತು. ಒಬ್ಬ ತಂಗಿಗೆ ತೊಡೆಯ ಸ್ನಾಯು ಹಿಡಿದುಕೊಂಡು ಹೆಜ್ಜೆ ಎತ್ತಲಾಗದೆ ಕುಳಿತಳು; ಉಪ್ಪು, ಸಕ್ಕರೆ, ಲಿಂಬೆರಸ ಕಲಸಿದ ನೀರನ್ನು ಗುಟುಕುಗುಟುಕಾಗಿ ಕುಡಿಸಿ, ಕಾಲು ನೀವಿ, ಕಾಲು ಗಂಟೆ ಕಾದೆವು. ಆ ನೀರು ಕಾಕಾ ಕೊಟ್ಟದ್ದು. ಕೊನೆಯ ಏರಿನಲ್ಲಿ ಕಡಿದಾದ ಗರಸು, ಅದರ ಮೇಲೆ ರಡತೋಂಡಿ ಬುರುಜು, ಆಮೇಲೆ ಕಬ್ಬಿಣದ ಏಣಿ. ರಡತೋಂಡಿ ಎಂದರೆ ಅಳುಮೋರೆ; ಆ ಹೆಸರನ್ನು ಯಾರೋ ಅನುಭವಿಸಿಯೇ ಇಟ್ಟಿರಬೇಕು. ಏಣಿಯ ಮೇಲೆ ಒಂದು ಸಲಕ್ಕೆ ಒಬ್ಬರೇ ಎಂದು ನಾಯಕ ಹಟ ಹಿಡಿದರು. ಒಂಬತ್ತು ಜನ ಹತ್ತಿದ ಮೇಲೆ, ಬಿಸಿಲಿಗೆ ಕಾದಿದ್ದ ಕಂಬಿಗಳನ್ನು ಹಿಡಿದು ನಾನೂ ಹತ್ತಿದೆ.

ಬುಧಲಾ ಮಾಚಿ ತಲುಪಿದಾಗ ಮೂರು ಗಂಟೆ. ಮಾಚಿಯ ತುದಿಯ ಬಂಡೆಯು ಮಗುಚಿ ಇಟ್ಟ ಎಣ್ಣೆ ಬುದ್ದಲಿಯ ಹಾಗೇ ಇದೆ, ಹೆಸರು ಅದರಿಂದಲೇ. ಮೆಂಗಾಈ ದೇವಿಯ ಗುಡಿಯ ಮುಂದೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಊಟ ಮಾಡಿದೆವು. ಪಶ್ಚಿಮದ ಮಬ್ಬಿನಲ್ಲಿ ರಾಯಗಡ, ಲಿಂಗಾಣಾ ಕೋಟೆಗಳು ನೀಲಿ ಗೆರೆಗಳಂತೆ ಕಂಡವು. ಈ ವರ್ಷ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಕೋಟೆಗಳಲ್ಲಿ ರಾಜಗಡ ಇದೆ, ತೋರಣಾ ಇಲ್ಲ. ನಡೆದು ಬಂದ ದಾರಿಯತ್ತ ತಿರುಗಿ ನೋಡಿದಾಗ ಅದು ನನಗೆ ಬಹಳ ನೋವು ತಂದಿತು.

ಬಿನಿ ದರ್ವಾಜಾ ದಾಟಿ ಇಳಿಯುವಾಗ ಕತ್ತಲಾಯಿತು. ಟಾರ್ಚುಗಳನ್ನು ಹಚ್ಚಿಕೊಂಡು, ಮಂಡಿ ನಡುಗುತ್ತಿದ್ದವರ ಜೊತೆ ನಿಂತು ನಿಂತು ಇಳಿದೆವು. ಏಳೂವರೆಗೆ ವೆಲ್ಹೆಯ ಮೊದಲ ಮನೆಗಳ ಬಳಿ, ಯಾರದೋ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕಾಕಾ ರಸ್ತೆಯ ನಡುವೆ ನಿಂತಿದ್ದರು. ಗುಡ್ಡದ ಮೇಲೆ ದೀಪಗಳು ಕಂಡಾಗಿನಿಂದ ಅಲ್ಲೇ ನಿಂತಿದ್ದರಂತೆ, ಊಟಕ್ಕೆ ಕರೆದರೂ ಬಂದಿಲ್ಲವೆಂದು ಆ ಹುಡುಗ ಹೇಳಿದ.

"ಒಂಬತ್ತು ದೀಪ ಎಣಿಸಿದ್ನಿ. ಹತ್ತನೇದು ಭಾಳ ಹಿಂದ ಉಳಿದಿತ್ತು," ಎಂದು ಅವರು ನನ್ನ ಚೀಲವನ್ನು ಹೆಗಲಿನಿಂದ ಇಳಿಸಿಕೊಂಡರು.