ಒಂದು ಗೂಬೆ, ನಾಲ್ಕು ಬ್ರಶ್

ಡಿಜಿಟಲ್ ಚಿತ್ರ ಬಿಡಿಸುವವರಿಗೆ ಬ್ರಶ್‌ಗಳ ಬರವಿಲ್ಲ. ನಾನು ಬಳಸುವ ಕ್ರಿಟಾ ಉಚಿತ ತಂತ್ರಾಂಶ. ಅದರ ಜೊತೆಗೇ ನೂರಕ್ಕೂ ಹೆಚ್ಚು ಬ್ರಶ್‌ಗಳು ಬರುತ್ತವೆ. ಎಲ್ಲವನ್ನೂ ಸುಮ್ನೆ ಗೀಚಿ ನೋಡುತ್ತಾ ಹೋದರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಒಂದು ರಜಾ ದಿನ ಒಂದೇ ಚಿತ್ರ ಹಿಡಿದು ಕೂತೆ: ಒಣ ಕೊಂಬೆಯ ಮೇಲೆ ಕೂತ ಗೂಬೆ.

ಗೂಬೆಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಅದರ ಮೈಯೆಲ್ಲ ಮೆತ್ತನೆಯ ಗರಿ. ಕಣ್ಣು ಮಾತ್ರ ಸ್ಪಷ್ಟ ಅಂಚಿರುವ ದುಂಡು. ಕೂತ ಕೊಂಬೆಯ ತೊಗಟೆ ಒರಟು. ಈ ಮೂರಕ್ಕೂ ಒಂದೇ ಬ್ರಶ್ ಸಾಲದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಗೂಬೆಗೆ ಕೈ ಹಾಕುವ ಮೊದಲು ಸಾದಾ ದುಂಡು ಬ್ರಶ್ ತೆಗೆದುಕೊಂಡು ಎಫ್ 5 ಒತ್ತಿದೆ. ಬ್ರಶ್ ಎಡಿಟರ್ ತೆರೆಯಿತು. ಅದರಲ್ಲಿ ಸ್ಪೇಸಿಂಗ್ ಅನ್ನು 0.1ರಿಂದ 1.5ಕ್ಕೆ ಏರಿಸಿ ಗೆರೆ ಎಳೆದೆ. ಗೆರೆಯ ಬದಲು ಸಾಲಾಗಿ ಚುಕ್ಕಿಗಳು ಬಿದ್ದವು. ಗುಟ್ಟು ಅಲ್ಲೇ ಇತ್ತು. ಡಿಜಿಟಲ್ ಬ್ರಶ್‌ಗಳಲ್ಲಿ ಬಹುಪಾಲು ಕೆಲಸ ಮಾಡುವುದು ರಬ್ಬರ್ ಸ್ಟ್ಯಾಂಪಿನ ಹಾಗೆ. ಟ್ಯಾಬ್ಲೆಟ್ ಮೇಲೆ ಪೆನ್ನು ಹೋದ ದಾರಿಯುದ್ದಕ್ಕೂ ಒಂದೇ ಅಚ್ಚನ್ನು ಒತ್ತುತ್ತಾ ಹೋಗುತ್ತವೆ. ಅಚ್ಚುಗಳು ಒತ್ತೊತ್ತಾಗಿ ಬಿದ್ದರೆ ಕಣ್ಣಿಗೆ ಗೆರೆ, ದೂರ ದೂರ ಬಿದ್ದರೆ ಚುಕ್ಕಿ. 0.1 ಅಂದರೆ ಬ್ರಶ್ಶಿನ ಅಗಲದ ಹತ್ತರಲ್ಲಿ ಒಂದು ಪಾಲಿಗೊಂದು ಅಚ್ಚು. ಫೋಟೋಶಾಪ್‌ನಲ್ಲಿ ಇದೇ ಲೆಕ್ಕ ಶೇಕಡಾವಾರು ಇರುತ್ತದೆ. ಅಲ್ಲೂ ಬ್ರಶ್ ಸೆಟ್ಟಿಂಗ್ಸ್ ತೆರೆಯಲು ಎಫ್ 5 ಒತ್ತಬೇಕು. ಇಷ್ಟು ತಿಳಿದ ಮೇಲೆ ಬೇರೆ ಬ್ರಶ್‌ಗಳ ಭಯ ಅರ್ಧ ಕಡಿಮೆಯಾಯಿತು. ಅಚ್ಚಿನ ಆಕಾರ ಯಾವುದು, ಎಷ್ಟು ಹತ್ತಿರ ಬೀಳುತ್ತದೆ, ಕೈ ಒತ್ತಿದರೆ ಏನು ಬದಲಾಗುತ್ತದೆ ಅನ್ನುವುದನ್ನು ಮೊದಲು ನೋಡಿದರೆ ಸಾಕು.

ತೊಗಟೆಗೆ ಸೀಮೆಸುಣ್ಣದ ಬ್ರಶ್ ಹಿಡಿದೆ. ಬಣ್ಣ ಬೇಕಾದಷ್ಟು ಒರಟಾಗಿಯೇ ಬಂತು. ಆದರೆ ಉದ್ದಕ್ಕೆ ಎಳೆದಾಗ ಅವೇ ಸಂದುಗಳು ಮತ್ತೆ ಮತ್ತೆ ಬಂದು ಪಟ್ಟಿ ಪಟ್ಟಿಯಾಗಿ ಕಾಣಿಸಿದವು. ಬ್ರಶ್ ಎಡಿಟರ್‌ನ ರೊಟೇಶನ್‌ಗೆ ಹೋಗಿ ಫಜಿ ಡ್ಯಾಬ್ ಅನ್ನುವ ಆಯ್ಕೆ ಆನ್ ಮಾಡಿದೆ. ಅಲ್ಲಿಂದ ಪ್ರತಿ ಅಚ್ಚೂ ಬೇರೆ ಬೇರೆ ಕಡೆ ತಿರುಗಿ ಬೀಳತೊಡಗಿತು. ಪಟ್ಟಿಗಳು ಮಾಯವಾದವು. ಇನ್ನೊಂದು ಸೌಕರ್ಯ ನನಗೆ ತುಂಬಾ ಹಿಡಿಸಿತು. ಕೀಬೋರ್ಡಿನಲ್ಲಿ ‘ಇ’ ಒತ್ತಿದರೆ ಕೈಯಲ್ಲಿರುವ ಬ್ರಶ್ಶೇ ಎರೇಸರ್ ಆಗುತ್ತದೆ. ಕೊಂಬೆಯ ಅಂಚನ್ನು ಅದೇ ಸೀಮೆಸುಣ್ಣದ ಒರಟಿನಲ್ಲಿ ಅಳಿಸುತ್ತಾ ಬಂದೆ. ಅಲ್ಲಲ್ಲಿ ಸಿಪ್ಪೆ ಎದ್ದ ತೊಗಟೆಯ ಅಂಚು ತಾನಾಗಿಯೇ ಮೂಡಿತು. ನುಣುಪಾದ ಎರೇಸರ್‌ನಲ್ಲಿ ಅಳಿಸಿದ್ದರೆ ಕತ್ತರಿಯಲ್ಲಿ ಕತ್ತರಿಸಿದ ಗುರುತು ಉಳಿಯುತ್ತಿತ್ತು.

ಹೆಚ್ಚು ಹೊತ್ತು ಹಿಡಿದಿದ್ದು ಗರಿ. ಬ್ರಶ್ಶಿನ ಒಪಾಸಿಟಿ, ಫ್ಲೋ ಅನ್ನುವ ಎರಡು ಸೆಟ್ಟಿಂಗ್‌ಗಳಿಗೆ ಇರುವ ವ್ಯತ್ಯಾಸ ಅಲ್ಲಿಯೇ ತಿಳಿಯಿತು. ಯಾವುದನ್ನು ತಗ್ಗಿಸಿದರೂ ಬಣ್ಣ ತೆಳುವಾಗುತ್ತದೆ, ಹಾಗಾಗಿ ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತವೆ. ಒಪಾಸಿಟಿಯನ್ನು ಶೇ. 40ಕ್ಕೆ ಇಳಿಸಿ, ಪೆನ್ನು ಎತ್ತದೆ ಒಂದೇ ಜಾಗದಲ್ಲಿ ಎಷ್ಟು ಸಲ ತಿಕ್ಕಿದರೂ ಬಣ್ಣ ಶೇ. 40 ದಾಟಲಿಲ್ಲ. ಪೆನ್ನೆತ್ತಿ ಇನ್ನೊಂದು ಸಲ ಹಾಕಿದಾಗಲೇ ಅದು ಗಾಢವಾಗಿದ್ದು. ಫ್ಲೋ ಹಾಗಲ್ಲ. ಅದು ಒಂದೊಂದು ಅಚ್ಚಿನ ಬಣ್ಣವನ್ನು ತೆಳು ಮಾಡುತ್ತದೆ. ಅಚ್ಚುಗಳು ಒಂದರ ಮೇಲೊಂದು ಬಿದ್ದಂತೆ, ಒಂದೇ ಎಳೆತದಲ್ಲೂ ಬಣ್ಣ ಸೇರುತ್ತಾ ಹೋಗುತ್ತದೆ. ಗೂಬೆಯ ಎದೆಗೆ ನನಗೆ ಬೇಕಿದ್ದುದು ಇದೇ. ಫ್ಲೋ ಇಳಿಸಿದೆ, ಗಾತ್ರವನ್ನು ಪೆನ್ನಿನ ಒತ್ತಡಕ್ಕೆ ಜೋಡಿಸಿದೆ. ಬುಡದಲ್ಲಿ ಒತ್ತಿ, ತುದಿಯಲ್ಲಿ ಕೈ ಹಗುರ ಮಾಡಿ ಎಳೆದೆ. ಬುಡ ದಪ್ಪ, ತುದಿ ಸಣ್ಣ: ಒಂದೇ ಎಳೆತಕ್ಕೆ ಒಂದು ಗರಿ! ಆಮೇಲೆ ಆ ಕೆಲಸ ಬಿಟ್ಟೇಳಲು ಮನಸ್ಸೇ ಬರಲಿಲ್ಲ.

ನನ್ನ ಕೈ ಸ್ವಲ್ಪ ಭಾರ. ಮಾಮೂಲಿ ಒತ್ತಡಕ್ಕೇ ಗೆರೆ ಪೂರ್ತಿ ದಪ್ಪವಾಗಿಬಿಡುತ್ತದೆ. ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಕೈಯ ಒತ್ತಡಕ್ಕೆ ಬ್ರಶ್ ಎಷ್ಟು ಸ್ಪಂದಿಸಬೇಕು ಅಂತ ತೋರಿಸುವ ಗ್ರಾಫಿನ ಗೆರೆಯನ್ನು ನಡುವೆ ಹಿಡಿದು ಕೆಳಗೆ ಬಾಗಿಸಿದೆ. ಈಗ ಕೈ ಭಾರ ಬಿಟ್ಟರೂ ಬ್ರಶ್ ನಿಧಾನವಾಗಿ ದಪ್ಪವಾಗುತ್ತದೆ. ಹೊಸಬರು ಬ್ರಶ್ ಡೌನ್‌ಲೋಡ್ ಮಾಡುವ ಮೊದಲು ಇದನ್ನು ಸರಿ ಮಾಡಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒತ್ತಡ ಕೈಗೆ ಒಗ್ಗದಿದ್ದರೆ ಎಷ್ಟು ಒಳ್ಳೆಯ ಬ್ರಶ್ ಆದರೂ ಬೇರೆಯವರ ಪೆನ್ನು ಹಿಡಿದ ಹಾಗೆಯೇ ಇರುತ್ತದೆ.

ಬ್ಲೆಂಡರ್ ಬ್ರಶ್ಶನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅದು ಹೊಸ ಬಣ್ಣ ಹಾಕುವುದಿಲ್ಲ, ಇದ್ದ ಬಣ್ಣವನ್ನೇ ಎಳೆದು ಕಲಸುತ್ತದೆ. ಜಾಸ್ತಿ ಬಳಸಿದರೆ ಗರಿಗಳೆಲ್ಲ ಹೊಗೆಯಾಗಿಬಿಡುತ್ತವೆ. ಗೂಬೆಯ ರೆಕ್ಕೆಗರಿಗಳ ಹಿಂಬದಿಯಲ್ಲಿ ಮೆತ್ತನೆಯ ಅಂಚು ಇರುತ್ತದೆ. ಹಾರುವಾಗ ಸದ್ದು ಕಡಿಮೆಯಾಗಲು ಅದೂ ಒಂದು ಕಾರಣ. ಆ ಅಂಚಿನಲ್ಲಿ ಮಾತ್ರ ಬ್ಲೆಂಡರ್ ಆಡಿಸಿದೆ. ಉಳಿದ ಕಡೆ ಗೆರೆಗಳು ಗೆರೆಗಳಾಗಿಯೇ ಇರಲಿ ಅಂತ ಬಿಟ್ಟೆ.

ಕಣ್ಣಿಗೆ ಇಂಕ್ ಬ್ರಶ್. ಚೊಕ್ಕ ಅಂಚು, ಪೂರ್ತಿ ಬಣ್ಣ, ಒತ್ತಡಕ್ಕೆ ಗಾತ್ರ ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ಸುತ್ತಲಿನ ಮೆತ್ತನೆಯ ಗರಿಗಳ ನಡುವೆ ಆ ಗಟ್ಟಿ ಅಂಚು ಬಿದ್ದದ್ದೇ ತಡ, ನೋಡುವವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಎಲ್ಲ ಅಂಚೂ ಚೊಕ್ಕವಾಗಿದ್ದಿದ್ದರೆ ಕಣ್ಣಿಗೆ ಈ ತೂಕ ಬರುತ್ತಿರಲಿಲ್ಲ. ಅವತ್ತಿನಿಂದ ನಾನು ಬ್ರಶ್ ಆರಿಸುವಾಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಇಲ್ಲಿ ಎಂಥ ಅಂಚು ಬೇಕು?

ತಿದ್ದಿದ ಸೀಮೆಸುಣ್ಣವನ್ನೂ ಗರಿಯ ಬ್ರಶ್ಶನ್ನೂ ಹೊಸ ಹೆಸರಿನಲ್ಲಿ ಸೇವ್ ಮಾಡಿಟ್ಟೆ. ಇಂಕ್, ಬ್ಲೆಂಡರ್ ಸೇರಿಸಿ ನಾಲ್ಕಕ್ಕೂ ಒಂದೇ ಟ್ಯಾಗ್ ಕೊಟ್ಟಿದ್ದೇನೆ. ಕ್ಯಾನ್ವಾಸ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ದುಂಡು ಪ್ಯಾಲೆಟ್‌ನಲ್ಲಿ ಈಗ ಇರುವುದು ಅವಷ್ಟೇ. ಐದನೆಯದು ಬೇಕಾಗುವುದು ಮುಂದಿನ ಚಿತ್ರಕ್ಕೆ. ಅದರಲ್ಲಿ ನೀರಿದೆ.