ಶಿಯಾಮೆನ್ನಿನ ಅಂಗಡಿಬೀದಿಯಲ್ಲಿ ನೋಡುವುದೇನಿದೆ?

ಚೀನಾದ ಆಗ್ನೇಯ ಕರಾವಳಿಯ ಶಿಯಾಮೆನ್ ನಗರಕ್ಕೆ ಹೋಗಿ ಬಂದವನೆಂದು ತಿಳಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: "ಎದುರಿಗೇ ಗುಲಾಂಗ್‌ಯು ದ್ವೀಪವಿರುವಾಗ ಚೋಂಗ್‌ಶಾನ್ ರಸ್ತೆಯಂಥ ಅಂಗಡಿಬೀದಿಯಲ್ಲಿ ಮೂರು ಸಂಜೆ ಏಕೆ ಕಳೆದಿರಿ? ಅಲ್ಲಿರುವುದು ಎಲ್ಲ ಊರಿನಲ್ಲೂ ಸಿಗುವ ಬಟ್ಟೆ, ಚಪ್ಪಲಿ, ಮೊಬೈಲುಗಳೇ ಅಲ್ಲವೆ?" ಮಳಿಗೆಗಳ ಮಟ್ಟಿಗೆ ಈ ಮಾತು ನಿಜ, ಮತ್ತು ಖರೀದಿಗೆಂದೇ ಅಲ್ಲಿಗೆ ಹೋಗಿರೆಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನನ್ನು ಮರುದಿನವೂ ಅದರ ಮರುದಿನವೂ ಅಲ್ಲಿಗೆ ಎಳೆದದ್ದು ಆ ಮಳಿಗೆಗಳ ಮುಂದೆ ಬೀದಿಯುದ್ದಕ್ಕೂ ಸಾಗುವ, ಮಾಡಿನ ನೆರಳಿರುವ ಕಾಲುದಾರಿ.

ಅಲ್ಲಿನ ಹಳೆಯ ಕಟ್ಟಡಗಳ ಮೇಲಂತಸ್ತುಗಳು ಮುಂದಕ್ಕೆ ಚಾಚಿಕೊಂಡು ರಸ್ತೆಯಂಚಿನ ಕಂಬಗಳ ಮೇಲೆ ನಿಂತಿವೆ. ಕೆಳಗೆ ಅಂಗಡಿ, ಮೇಲೆ ಮನೆ, ಅಂಗಡಿಯ ಮುಂದೆ, ಮನೆಯ ಅಡಿಯಲ್ಲಿ ಯಾರು ಬೇಕಾದರೂ ನಡೆಯಬಹುದಾದ ಓಣಿಯಂಥ ಜಾಗ. ಚೀನಿಯರು ಇಂಥ ಕಟ್ಟಡವನ್ನು 'ಚೀಲೌ' ಎನ್ನುತ್ತಾರೆ, ಎಂದರೆ ಸವಾರಿ ಕುಳಿತ ಮಹಡಿ. ಮೊದಲ ಸಂಜೆ ನಾನಿನ್ನೂ ನಡುಬೀದಿಯಲ್ಲಿದ್ದಾಗಲೇ ಮಳೆ ಸುರಿಯತೊಡಗಿತು. ನಮ್ಮ ಪೇಟೆಗಳಲ್ಲಾದರೆ ಜನ ಚದುರಿ ಓಡುತ್ತಾರೆ. ಅಲ್ಲಿ ಎಲ್ಲರೂ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ, ಕಂಬಗಳ ಒಳಬದಿಯಲ್ಲಿ ನಡೆಯುತ್ತಲೇ ಇದ್ದರು. ಎರಡು ಕಂಬಗಳ ನಡುವೆ ಬಿದಿರಿನ ಕುರ್ಚಿ ಹಾಕಿಕೊಂಡಿದ್ದ ಅಜ್ಜಿಯೊಬ್ಬರು ಸೂರಿನಿಂದ ಇಳಿಯುವ ನೀರು ಕಾಲಿಗೆ ಸಿಡಿಯತೊಡಗಿದಾಗ ಕುರ್ಚಿಯನ್ನು ಗೇಣಷ್ಟು ಹಿಂದಕ್ಕೆ ಎಳೆದುಕೊಂಡು ಮತ್ತೆ ಬೀಸಣಿಗೆ ಬೀಸುತ್ತ ಕುಳಿತರು. ಕರಾವಳಿಯ ಮನೆಗಳ ಜಗಲಿಯನ್ನು ಬಲ್ಲವರಿಗೆ ಆ ಜಾಗದ ಸುಖವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಮಾತ್ರ ಅಂಥ ಜಗಲಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಊರಿನ ದಾರಿಯೇ ಆಗಿವೆ.

ಈ ರೂಪ ಅಲ್ಲಿಗೆ ಬಂದ ಬಗೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಬ್ರಿಟನ್ನಿನೊಡನೆ ಚೀನಾ ಮಾಡಿಕೊಂಡ 1842ರ ನಾನ್‌ಜಿಂಗ್ ಒಪ್ಪಂದದಿಂದಾಗಿ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಐದು ಬಂದರುಗಳಲ್ಲಿ ಶಿಯಾಮೆನ್ ಒಂದು. ಆಗ ಹೊರಗಿನವರು ಅದನ್ನು ಕರೆಯುತ್ತಿದ್ದುದು ಅಮೋಯ್ ಎಂದು. ಅಲ್ಲಿಂದ ಹಡಗು ಹತ್ತಿದ ಲೆಕ್ಕವಿಲ್ಲದಷ್ಟು ಜನ ಸಿಂಗಪುರ, ಪೆನಾಂಗ್, ಮನಿಲಾಗಳಲ್ಲಿ ನೆಲೆಸಿದರು. 1920ರ ದಶಕದಲ್ಲಿ ಹಳೆಯ ಊರಿನ ಇಕ್ಕಟ್ಟಾದ ಗಲ್ಲಿಗಳನ್ನು ಒಡೆದು ಅಗಲವಾದ ರಸ್ತೆಗಳನ್ನು ಮಾಡಿದಾಗ, ಹೊರದೇಶಗಳಲ್ಲಿ ದುಡಿದ ಇಂಥವರ ಹಣ ದೊಡ್ಡ ಪ್ರಮಾಣದಲ್ಲಿ ಊರಿಗೆ ಬಂತು. ಸಿಂಗಪುರದಲ್ಲಿ ರಬ್ಬರ್ ವ್ಯಾಪಾರದಿಂದ ಶ್ರೀಮಂತರಾದ ತಾನ್ ಕಾ ಕೀ 1921ರಲ್ಲಿ ಶಿಯಾಮೆನ್ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ್ದೂ ಅದೇ ಕಾಲದಲ್ಲಿ. ಕಟ್ಟಡದ ಈ ರೂಪವೂ ಆ ಹಣದ ಜೊತೆಗೇ ಬಂದಂತಿದೆ. ಸಿಂಗಪುರದಲ್ಲಿ ಅಂಗಡಿಗಳ ಮುಂದೆ ಮಾಡಿನಡಿಯ ಕಾಲುದಾರಿ ಇರಲೇಬೇಕೆಂಬ ನಿಯಮ 1822ರ ನಗರ ಯೋಜನೆಯಷ್ಟು ಹಳೆಯದು. ಮಲಯ ಭಾಷೆಯಲ್ಲಿ ಅದು 'ಕಾಕಿ ಲಿಮಾ', ಅಂದರೆ ಐದಡಿ. ಶಿಯಾಮೆನ್ ಮೂಲದವರೂ ಆಡುವ ಹೊಕ್ಕಿಯೆನ್ ನುಡಿ ಅದನ್ನೇ 'ಗೊ-ಕಾ-ಕಿ' ಮಾಡಿಕೊಂಡಿತು. ನಮ್ಮ 'ಅಡಿ'ಯಂತೆ ಅಲ್ಲಿಯ 'ಕಾಕಿ'ಗೂ ಪಾದ ಮತ್ತು ಅಳತೆ ಎಂಬ ಎರಡೂ ಅರ್ಥಗಳಿವೆ. ಇನ್ನು ಶಿಯಾಮೆನ್ನಿನ ಈ ರಸ್ತೆಯ ಹೆಸರು ಚೀನೀ ಗಣರಾಜ್ಯದ ಸ್ಥಾಪಕ ಸನ್ ಯಾತ್-ಸೆನ್ ಅವರದು. ಚೋಂಗ್‌ಶಾನ್ ಎಂದರೆ ಅವರೇ, ಮತ್ತು ನಮ್ಮಲ್ಲಿ ಎಂ.ಜಿ. ರಸ್ತೆಗಳಿರುವಂತೆ ಚೀನಾದ ಎಷ್ಟೋ ಊರುಗಳಲ್ಲಿ ಈ ಹೆಸರಿನ ರಸ್ತೆಗಳಿವೆ.

ತಿನಿಸಿನ ಬಗೆಗೂ ಕೇಳುತ್ತಾರೆ, ಅದರಲ್ಲೂ ಸಸ್ಯಾಹಾರಿಗಳು. ಅಲ್ಲಿನ ಹೆಸರಾಂತ ಶಾಚಾ ನೂಡಲ್ಸ್‌ನ ಹೆಸರೂ ಮಸಾಲೆಯೂ ಆಗ್ನೇಯ ಏಷ್ಯಾದ 'ಸಟೇ'ಯಿಂದ, ಎಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಮಸಾಲೆ ಮಾಂಸದಿಂದ, ಬಂದವು. ಅದರಲ್ಲಿ ಸಿಗಡಿ, ಮಾಂಸ ಇರುತ್ತವೆ. ಕಡಲಹುಳುವನ್ನು ಕುದಿಸಿ ತಣಿಸಿ ಗಟ್ಟಿಯಾಗಿಸಿದ ತಿನಿಸೂ ಉಂಟು. ಇವು ಬೇಡವೆನ್ನುವವರಿಗೆ ಕಡಲೆಕಾಯಿ ಬೀಜದ ಸಿಹಿ ಗಂಜಿಯಿದೆ, ಅದನ್ನು ಬಿಟ್ಟು ಬರಬಾರದು. ಸಿಪ್ಪೆ ತೆಗೆದ ಬೀಜಗಳನ್ನು ಗಂಟೆಗಟ್ಟಲೆ ಬೇಯಿಸಿರುತ್ತಾರೆ. ಬಟ್ಟಲಿನಲ್ಲಿ ಬೀಜ ಇಡಿಯಾಗಿಯೇ ಕಾಣುತ್ತದೆ, ಬಾಯಿಗಿಟ್ಟು ನಾಲಗೆಯಿಂದ ಒತ್ತಿದೊಡನೆ ಬೆಣ್ಣೆಯಂತೆ ಕರಗುತ್ತದೆ. ಸುತ್ತಲಿನ ರಸ ಹಾಲಿನ ಬಣ್ಣದ್ದು, ಸಿಹಿ ಹಿತಮಿತ. ಕೆಲವರು ಅದಕ್ಕೆ ಮೊಟ್ಟೆ ಒಡೆದು ಹಾಕಿಸಿಕೊಳ್ಳುತ್ತಾರೆ, ಬೇಡವಾದರೆ ಮೊದಲೇ ಹೇಳಬೇಕು. ಚಹಾದ ಅಂಗಡಿಗಳ ಮುಂದೆಯೂ ಸ್ವಲ್ಪ ನಿಲ್ಲಿ. ಚೀನಾದ ಉಳಿದೆಡೆಯ 'ಚಾ' ನಮ್ಮಲ್ಲಿ ಚಹಾ ಆಗಿದೆ. ಇಂಗ್ಲಿಷಿನ ಮೂಲಕ ನಮಗೆ ಬಂದ 'ಟೀ' ಹುಟ್ಟಿದ್ದು ಈ ಕರಾವಳಿಯವರ 'ತೆ' ಎಂಬ ಉಚ್ಚಾರದಿಂದ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಮೆಟ್ರೋದ ಮೊದಲನೆಯ ಮಾರ್ಗದಲ್ಲಿ ಚೆನ್‌ಹಾಯ್ ರಸ್ತೆ ನಿಲ್ದಾಣದಲ್ಲಿ ಇಳಿದು, ಬಿಸಿಲು ಬಾಗಿದ ಮೇಲೆ, ಕಡಲಿನ ದಿಕ್ಕಿಗೆ ನಿಧಾನವಾಗಿ ನಡೆಯಿರಿ. ದಾರಿಯಲ್ಲಿ ಸಿಗುವ ಅಡ್ಡಗಲ್ಲಿಗಳಿಗೆ ಹೊಕ್ಕು ಹೊರಬನ್ನಿ, ಏಕೆಂದರೆ ಮುಖ್ಯಬೀದಿಯ ಗೋಡೆಗಳಿಗೆ ಹೊಸ ಬಣ್ಣ ಬಳಿದಿದ್ದಾರೆ, ಗಲ್ಲಿಗಳಲ್ಲಿ ಹಳೆಯ ಗಾರೆ ಇನ್ನೂ ಹಾಗೆಯೇ ಇದೆ, ಮಹಡಿಯ ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಬೀದಿ ಕೊನೆಯಾಗುವಲ್ಲಿ ಕಡಲು ತೆರೆದುಕೊಳ್ಳುತ್ತದೆ, ಸುಮಾರು 600 ಮೀಟರ್ ಅಗಲದ ನೀರಿನಾಚೆ ಗುಲಾಂಗ್‌ಯು. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ದ್ವೀಪಕ್ಕೂ ನಾನು ಹೋಗಿದ್ದೆ, ಅದು ಚೆಲುವಾದ ಸ್ಥಳವೇ. ಆದರೆ ಮೂರನೆಯ ಸಂಜೆ ಧಕ್ಕೆಯ ಬಳಿ ನಿಂತು ಅಲ್ಲಿನ ದೀಪಗಳು ಹೊತ್ತಿಕೊಳ್ಳುವುದನ್ನು ನೋಡಿದ ಮೇಲೆ, ಲಾಂಚು ಹತ್ತುವ ಬದಲು ತಿರುಗಿ, ಬೀದಿಯ ಇನ್ನೊಂದು ಬದಿಯ ಕಂಬಗಳ ಸಾಲಿನಲ್ಲಿ ನಡೆಯತೊಡಗಿದೆ. ಆ ಬದಿಯನ್ನು ನಾನಿನ್ನೂ ನೋಡಿರಲಿಲ್ಲ.