ರೇಡಿಯೇಟರ್‌ಗೆ ಸ್ಪಾರ್ಕ್ ಪ್ಲಗ್: ಕೂಲೆಂಟ್ ಅಲಾರಂ ಗಾಡಿ ಏರಿತು

ರೇಡಿಯೇಟರಿನಲ್ಲಿ ನೀರು ಕಮ್ಮಿಯಾದರೆ ಕೂಗಲೆಂದು ನಾನು ಮಾಡಿದ, ಟೇಬಲ್ ಮೇಲೆ ಕೀಂಗುಟ್ಟುತ್ತಿದ್ದ ಅಲಾರಂ ಈಗ ಮಾವನ ಗೂಡ್ಸ್ ಗಾಡಿಯಲ್ಲಿದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ತುಂಬಿಕೊಂಡು ಮುಳಬಾಗಿಲು, ನಂಗಲಿ, ಪಲಮನೇರು ದಾಟಿ, ಮೊಗಿಲಿ ಘಾಟಿ ಇಳಿದು ಚೆನ್ನೈಗೆ ಹೋಗುವ ಗಾಡಿ ಅದು. ಬರುವಾಗ ಖಾಲಿ ಕ್ರೇಟು ಹೊತ್ತು ಅದೇ ಘಾಟಿ ಹತ್ತಬೇಕು. ಹಳೇ ಡೀಸೆಲ್ ಎಂಜಿನ್, ಹಿತ್ತಾಳೆ ರೇಡಿಯೇಟರ್, ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಾಟಲಿ.

ಟೆಂಪರೇಚರ್ ಮುಳ್ಳು ಇರುವಾಗ ಇದೆಲ್ಲ ಯಾಕೆ ಎಂದು ಮೆಕ್ಯಾನಿಕ್ ಕೇಳಿದರು. ಮುಳ್ಳು ತೋರಿಸುವುದು ಸೆನ್ಸರಿನ ತುದಿಗೆ ತಾಗಿದ ನೀರಿನ ಬಿಸಿಯನ್ನು. ಪೈಪು ಒಡೆದು ನೀರೆಲ್ಲ ಹೋಯಿತು ಅನ್ನಿ, ಆಗ ಆ ತುದಿ ಬರೀ ಗಾಳಿಯಲ್ಲೋ ಆವಿಯಲ್ಲೋ ನಿಂತಿರುತ್ತದೆ. ನೀರು ಮುಟ್ಟಿಸುವಷ್ಟು ಶಾಖವನ್ನು ಗಾಳಿ ಮುಟ್ಟಿಸುವುದಿಲ್ಲ. ಒಳಗೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬೇಯುತ್ತಿದ್ದರೂ ಮುಳ್ಳು ನಡುವಿನಲ್ಲೇ ಆರಾಮಾಗಿ ಕೂತಿರಬಹುದು, ಕೆಳಕ್ಕೆ ಇಳಿಯಲೂಬಹುದು. ಬಿಸಿ ಎಷ್ಟು ಅನ್ನುವುದಕ್ಕಿಂತ ಮೊದಲು ನೀರು ಇದೆಯೇ ಇಲ್ಲವೇ ಎಂದು ಗೊತ್ತಾಗಬೇಕು. ಈ ಪ್ರಾಜೆಕ್ಟ್ ಇರುವುದು ಅಷ್ಟಕ್ಕೇ.

ಮೊದಲ ಪ್ರಶ್ನೆ, ಮಟ್ಟ ನೋಡುವುದು ಎಲ್ಲಿ? ಪ್ಲಾಸ್ಟಿಕ್ ಬಾಟಲಿಯ ಹೊರಗೆ ಅಂಟಿಸುವ ಕೆಪ್ಯಾಸಿಟಿವ್ ಸೆನ್ಸರ್ ಸುಲಭವಾಗಿ ಸಿಗುತ್ತದೆ, ತೂತು ಕೊರೆಯುವ ರಗಳೆಯೂ ಇಲ್ಲ. ಮಾವ ಅದನ್ನು ನೋಡಿ, "ಬಾಟ್ಲಿ ತುಂಬೈತೆ ಅಂದ್ರೆ ರೇಡಿಯೇಟರ್ ತುಂಬೈತೆ ಅಂತ ಯಾರಪ್ಪ ಹೇಳಿದ್ದು ನಿಂಗೆ?" ಅಂದರು. ನಲವತ್ತು ವರ್ಷ ಸ್ಟೇರಿಂಗ್ ಹಿಡಿದವರ ಮಾತು, ಪೂರ್ತಿ ನಿಜ. ಕೆಲವು ಗಾಡಿಗಳಲ್ಲಿ ಬಾಟಲಿಯೂ ಪ್ರೆಶರ್‌ನಲ್ಲೇ ಇರುತ್ತದೆ, ಕ್ಯಾಪ್ ಅದರ ಮೇಲೇ ಇರುತ್ತದೆ. ಅಲ್ಲಿ ಬಾಟಲಿಯ ಮಟ್ಟವೇ ಎಂಜಿನ್ನಿನ ಮಟ್ಟ. ಮಾವನ ಗಾಡಿಯದು ಹಾಗಲ್ಲ. ಬಿಸಿಯಾಗಿ ಹಿಗ್ಗಿದ ನೀರು ಕ್ಯಾಪ್ ದಾಟಿ ಬಾಟಲಿಗೆ ಬರುತ್ತದೆ, ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕ್ಯಾಪಿನ ರಬ್ಬರು ಹೋಗಿದ್ದರೆ, ನಡುವಿನ ಸಣ್ಣ ಪೈಪು ಸೀಳಿದ್ದರೆ ಎಳೆಯುವುದು ಗಾಳಿಯನ್ನು. ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಹಾಗಾಗಿ ಸೆನ್ಸರ್ ರೇಡಿಯೇಟರಿನ ಮೇಲಿನ ಟ್ಯಾಂಕ್ ಒಳಗೇ ಹೋಗಬೇಕಾಯಿತು.

ಅಲ್ಲಿ ಕೂರುವ ವಸ್ತು ಕುದಿಯುವ ನೀರನ್ನೂ ಒತ್ತಡವನ್ನೂ ತಡೆಯಬೇಕು. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರ್‌ಗೂ ಮೇಲಿದೆ, ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಕ್ಯಾಪ್ ಮೇಲೆ 0.9 ಎಂದು ಬರೆದಿದೆ, ಅಂದರೆ ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚಿನ ಒತ್ತಡ. ಆ ಒತ್ತಡದಲ್ಲಿ ಬರೀ ನೀರು ಕೂಡ 117ರ ಆಸುಪಾಸಿನವರೆಗೆ ಕುದಿಯದೆ ತಡೆಯುತ್ತದೆ. ಇಷ್ಟಕ್ಕೆಲ್ಲ ಜಗ್ಗದ, ಕರೆಂಟು ಲೋಹದ ಮೈಗೆ ಸೋರದಂತೆ ಮಧ್ಯದಲ್ಲಿ ಪಿಂಗಾಣಿ ಇರುವ, ಥ್ರೆಡ್ ಸಮೇತ ಬರುವ ವಸ್ತು ಯಾವುದು? ಹಳೇ ಸ್ಪಾರ್ಕ್ ಪ್ಲಗ್! ಗ್ಯಾರೇಜಿನ ಡಬ್ಬದಲ್ಲಿ ಪುಕ್ಕಟೆ ಸಿಕ್ಕಿತು. ಬಾಗಿದ ಹೊರ ಎಲೆಕ್ಟ್ರೋಡನ್ನು ಗ್ರೈಂಡರ್‌ನಲ್ಲಿ ತೆಗೆದರೆ ಉಳಿಯುವುದು ನಡುವಿನ ಕಡ್ಡಿ ಮತ್ತು ಅದರ ಸುತ್ತ ಪಿಂಗಾಣಿ. ಕಡ್ಡಿಗೂ ಟ್ಯಾಂಕಿಗೂ ನಡುವೆ ನೀರಿದ್ದರೆ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಟ್ಯಾಂಕ್ ಹಿತ್ತಾಳೆಯದಾದ್ದರಿಂದ ಅದೇ ಅರ್ತ್. ಎರಡನೇ ಎಲೆಕ್ಟ್ರೋಡ್ ಬೇಡ.

ಪ್ಲಗ್ ಹಿಡಿಯಲು 14 ಮಿಲಿಮೀಟರ್, 1.25 ಪಿಚ್‌ನ ಹಿತ್ತಾಳೆ ಬುಷ್, ಅಂದರೆ ಒಳಗೆ ಥ್ರೆಡ್ ಇರುವ ಬಳೆ, ಲೇಥ್‌ನಲ್ಲಿ ಮಾಡಿಸಿದೆ. ಟ್ಯಾಂಕಿಗೆ ಬೆಸೆದದ್ದು ರೇಡಿಯೇಟರ್ ಕೆಲಸದ ಹಿರಿಯರೊಬ್ಬರು. ಟ್ಯಾಂಕೂ ಕೊಳವೆಗಳಿರುವ ಕೋರೂ ಒಂದಾಗಿ ನಿಂತಿರುವುದೇ ಸೀಸ-ತವರದ ಬೆಸುಗೆಯಿಂದ, ಉರಿ ಒಂಚೂರು ಜಾಸ್ತಿಯಾದರೆ ಅದೂ ಕರಗಿ ಬರುತ್ತದೆ. ಅವರು ಜಾಯಿಂಟಿನ ಸುತ್ತ ಒದ್ದೆ ಗೋಣಿತಾಟು ಸುತ್ತಿ, ಸರಸರ ಕೆಲಸ ಮುಗಿಸಿದರು. ಆಮೇಲೆ ಬಾಯಿಗಳಿಗೆಲ್ಲ ಬಿರಡೆ ಬಡಿದು, ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಕೊಟ್ಟು ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಆ ಕೈಚಳಕದ ಮುಂದೆ ನನ್ನ ಸರ್ಕ್ಯೂಟ್ ಏನೂ ಅಲ್ಲ.

ಬುಷ್ ಇರುವುದು ಟ್ಯಾಂಕಿನ ಅಗಲದ ಸರಿಮಧ್ಯಕ್ಕೆ. ಟ್ಯಾಂಕು ಅಡ್ಡಕ್ಕೆ ಉದ್ದ, ಹಿಂದು-ಮುಂದಕ್ಕೆ ಕೆಲವೇ ಅಂಗುಲ. ಘಾಟಿ ಹತ್ತುವಾಗ ಇಳಿಯುವಾಗ ಮಟ್ಟ ಅಷ್ಟೇನೂ ಬದಲಾಗುವುದಿಲ್ಲ. ಗಾಡಿ ರಸ್ತೆ ಅಂಚಿಗೆ ವಾಲಿದಾಗ ಮಾತ್ರ ನೀರು ಒಂದು ಮೂಲೆಗೆ ಸರಿಯುತ್ತದೆ, ಅದಕ್ಕೇ ಬುಷ್ ಮಧ್ಯದಲ್ಲಿ.

ಇನ್ನು ಸರ್ಕ್ಯೂಟ್. ಇಂಥ ಕಡ್ಡಿಗೆ ನೇರವಾಗಿ ಡಿಸಿ ಕೊಟ್ಟು ಬಿಟ್ಟರೆ ಲೋಹ ಸವೆಯುತ್ತದೆ, ನೀರಿಗೆ ಬೆರೆಸಿದ ಕೂಲೆಂಟೂ ಕೆಡುತ್ತದೆ. ಹಿಂದೆ ಎಲ್‌ಎಂ1830 ಎಂಬ ಐಸಿ ಇದೇ ಕೆಲಸಕ್ಕೆಂದೇ ಬರುತ್ತಿತ್ತು. ಕೆಪ್ಯಾಸಿಟರ್ ಮೂಲಕ ಎಸಿ ಸಿಗ್ನಲ್ ಕಳಿಸಿ ನೀರಿದೆಯೇ ಎಂದು ನೋಡುತ್ತಿತ್ತು. ಈಗ ಅದರ ತಯಾರಿಕೆ ನಿಂತಿದೆ. ಅದೇ ಉಪಾಯವನ್ನು ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಮಾಡಿದ್ದೇನೆ. ಪಿನ್‌ನಿಂದ ಒಂದು ಕಿಲೋಹರ್ಟ್ಜ್ ಚೌಕದಲೆ, ಹತ್ತು ಕಿಲೋಓಮ್ ರೆಸಿಸ್ಟರ್, ಹತ್ತು ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಆಮೇಲೆ ಪ್ಲಗ್. ರೆಸಿಸ್ಟರಿಗೂ ಕೆಪ್ಯಾಸಿಟರಿಗೂ ನಡುವಿನ ವೋಲ್ಟೇಜನ್ನು ಅಲೆ ಮೇಲಿರುವಾಗ ಓದುವುದು, ಬೋರ್ಡ್ ಅದನ್ನು ಸೊನ್ನೆಯಿಂದ 1023ರವರೆಗಿನ ಅಂಕೆಯಾಗಿ ಕೊಡುತ್ತದೆ.

ಪ್ಲಗ್ಗಿನ ನಂಬರಿನಲ್ಲಿ ಆರ್ ಅಕ್ಷರವಿದ್ದರೆ ಒಳಗೆ ಸುಮಾರು 5 ಕಿಲೋಓಮ್ ರೆಸಿಸ್ಟರ್ ಇದೆ ಎಂದರ್ಥ. ರೇಡಿಯೋದಲ್ಲಿ ಗೊರಗೊರ ಬಾರದಿರಲಿ ಎಂದು ಹಾಕಿರುವುದು. ಇಂಥ ಕೆಲಸಕ್ಕೆ ಆರ್ ಇಲ್ಲದ ಪ್ಲಗ್ಗೇ ಬೇಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನೀರಿದ್ದಾಗ ರೀಡಿಂಗ್ 690ರ ಹತ್ತಿರ ನಿಲ್ಲುತ್ತದೆ. ನೀರಿಲ್ಲದಿದ್ದರೆ, ವೈರು ತುಂಡಾದರೂ ಕೂಡ, 1020 ದಾಟುತ್ತದೆ. ವೈರಿನ ಹೊದಿಕೆ ಸವೆದು ಗಾಡಿಯ ಲೋಹದ ಮೈಗೆ ತಾಗಿದರೆ 512ಕ್ಕೆ ಬೀಳುತ್ತದೆ. ಆರ್ ಇಲ್ಲದ ಪ್ಲಗ್ಗಾದರೆ ಈ ಮೂರನೆಯದು ನೀರಿನ ರೀಡಿಂಗಿನ ಪಕ್ಕದಲ್ಲೇ ಕೂರುತ್ತದೆ, ಟ್ಯಾಂಕು ಒಣಗಿದ್ದರೂ ಅಲಾರಂ ಬಾಯಿ ಬಿಡುವುದಿಲ್ಲ. ಬೀಪ್ ಬಿಟ್ಟು ಬಿಟ್ಟು ಬಂದರೆ ವೈರು ನೋಡಿ, ಒಂದೇ ಸಮ ಬಂದರೆ ಗಾಡಿ ನಿಲ್ಲಿಸಿ, ಹೀಗೆ ಎರಡು ಥರ ಇಟ್ಟಿದ್ದೇನೆ. ಕೀ ತಿರುಗಿಸಿದಾಗ ಒಮ್ಮೆ ಕುಂಯ್ ಎನ್ನುತ್ತದೆ, ಬದುಕಿದ್ದೇನೆ ಎಂದು.

ಗುಂಡಿ ಹಾರಿದಾಗ ನೀರು ತುಳುಕಿ ಕಡ್ಡಿ ಕ್ಷಣಕಾಲ ಬರಿದಾಗುತ್ತದೆ, ಅದಕ್ಕೆಲ್ಲ ಕೂಗಬಾರದು. ಸತತ ಎಂಟು ಸೆಕೆಂಡು ಒಣಗಿದ್ದರೆ ಕೂಗು ಎಂದು ಬರೆಯುವುದೂ ಸರಿಯಲ್ಲ, ನೀರು ನಿಜವಾಗಿಯೂ ಕಮ್ಮಿಯಾದಾಗ ಒಂದೊಂದು ಹನಿ ಸಿಡಿದು ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದಕ್ಕೆ, ಒಣಗಿದ್ದಾಗ ಎಣಿಕೆ ಏರುತ್ತದೆ, ಒದ್ದೆಯಾದಾಗ ಅಷ್ಟೇ ನಿಧಾನಕ್ಕೆ ಇಳಿಯುತ್ತದೆ, ಮಿತಿ ಮುಟ್ಟಿದರೆ ಮಾತ್ರ ಕೂಗು.

ಪರೀಕ್ಷೆ ಮನೆ ಮುಂದೆಯೇ ಆಯಿತು. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಸ್ಟಾರ್ಟ್ ಮಾಡಿ, ಕೆಳಗಿನ ಡ್ರೈನ್ ತಿರುಪಿ ಜಗ್ಗಿಗೆ ಬಿಟ್ಟೆವು. ಒಂದು ಲೀಟರಿಗೆ ಸ್ವಲ್ಪ ಜಾಸ್ತಿ ಇಳಿದಾಗ ಬಜರ್ ಹೊಡೆಯಿತು. ಟೆಂಪರೇಚರ್ ಮುಳ್ಳು ಇದ್ದಲ್ಲಿಂದ ಅಲುಗಿರಲಿಲ್ಲ. ಮಾವ ಮುಳ್ಳನ್ನೊಮ್ಮೆ ಜಗ್ಗನ್ನೊಮ್ಮೆ ನೋಡಿ, "ಹ್ಞೂಂ, ಇರ್ಲಿ ಬಿಡು" ಅಂದರು. ಅವರ ಬಾಯಲ್ಲಿ ಅದೇ ಶಭಾಷ್‌ಗಿರಿ.

ಬೋರ್ ನೀರಿನದು ಬೇರೆಯೇ ತಲೆನೋವು. "ಕೂಲೆಂಟ್ ಯಾಕೆ, ನಮ್ಮೂರಲ್ಲೇನು ಮಂಜುಗಡ್ಡೆ ಬೀಳ್ತೈತಾ?" ಎನ್ನುವುದು ಮಾವನ ಹಳೇ ವಾದ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ, ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37ರವರೆಗೂ. ನಮಗೆ ಬೇಕಿರುವುದು ತುಕ್ಕು ತಡೆಯುವ ರಾಸಾಯನಿಕಗಳು ಮತ್ತು ಕುದಿಯುವ ಬಿಂದು ಇನ್ನಷ್ಟು ಮೇಲೇರುವುದು. ಸಾವಿರ ಅಡಿ ಆಳದ ಬೋರಿನ ಗಡಸು ನೀರು ಹಾಕಿದರೆ ಗೀಸರ್ ಕಾಯಿಲಿಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಕೊಳವೆಗೂ ಕಟ್ಟುತ್ತದೆ, ನನ್ನ ಪ್ಲಗ್ಗಿನ ಕಡ್ಡಿಗೂ. ಪದರ ದಪ್ಪವಾದಂತೆ ರೀಡಿಂಗ್ ಒಣಗಿದ ಕಡೆಗೆ ಜಾರುತ್ತದೆ. ಸದ್ಯ, ನೀರಿದ್ದೂ ಕೂಗುವ ತಪ್ಪಾದರೆ ತಾಳಿಕೊಳ್ಳಬಹುದು. ಸರ್ವಿಸಿಗೊಮ್ಮೆ ಪ್ಲಗ್ ಬಿಚ್ಚಿ ಒರೆಸುವುದು ಎಂದು ಒಪ್ಪಂದವಾಗಿದೆ. ಟಾಪಪ್‌ಗೆ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸೀಟಿನ ಹಿಂದೆ ಬಂದು ಕೂತಿದೆ. ಅಪ್ಪಟ ಡಿಸ್ಟಿಲ್ಡ್ ವಾಟರ್ ಕರೆಂಟು ಹರಿಸುವುದೇ ಇಲ್ಲವೆನ್ನುವಷ್ಟು ಕಡಿಮೆ, ಟೇಬಲ್ ಮೇಲೆ 1000ದ ಹತ್ತಿರ ತೋರಿಸಿತು. ಆದರೆ ಕೂಲೆಂಟ್ ಜೊತೆ ಬೆರೆತ ಮೇಲೆ ಆ ತೊಂದರೆ ಇಲ್ಲ.

ಮಂಡಿಯಲ್ಲಿ ಇದನ್ನು ನೋಡಿದ ಇನ್ನೊಬ್ಬ ಡ್ರೈವರ್ ತನ್ನ ಗಾಡಿಗೂ ಬೇಕು ಅಂದಿದ್ದಾನೆ. ಅವನದು ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು, ಬೆಸುಗೆ ಅಲ್ಲಿ ನಡೆಯುವುದಿಲ್ಲ. ಮೇಲಿನ ಹೋಸ್ ಕತ್ತರಿಸಿ ನಡುವೆ ಥ್ರೆಡ್ ಇರುವ ಲೋಹದ ಪೈಪು ತೂರಿಸುವ ಯೋಚನೆ ಇದೆ. ಆ ಪೈಪಿನ ಎರಡೂ ಕಡೆ ರಬ್ಬರಾದ್ದರಿಂದ ಅರ್ತ್ ವೈರು ಬೇರೆ ಎಳೆಯಬೇಕು. ಹೋಸಿನ ಒಳವ್ಯಾಸ ಅಳೆದು ಲೇಥಿನವರಿಗೆ ಕೊಟ್ಟಿದ್ದೇನೆ.